ಬುಧವಾರದ ಒಗ್ಗರಣೆ: ಹಾಲು ಸೀದ ದಿನ

ಸೋಮವಾರಕ್ಕೆ ವಾರ ಶುರು ಅನ್ನೋ ಗತ್ತಿದೆ. ಶುಕ್ರವಾರಕ್ಕೆ ಲಕ್ಷ್ಮೀಪೂಜೆಯ ಕಳೆ. ಭಾನುವಾರದ ಮಾತು ಬಿಡಿ, ಮನೆಮಂದಿಗೆಲ್ಲ ರಜ, ನಮಗೆ ಎರಡರಷ್ಟು ಕೆಲಸ. ಈ ಬುಧವಾರಕ್ಕೆ ಮಾತ್ರ ಹೇಳಿಕೊಳ್ಳೋಕೆ ಏನೂ ಇಲ್ಲ. ಭಾನುವಾರ ರುಬ್ಬಿದ ಹಿಟ್ಟು ಅಷ್ಟು ಹೊತ್ತಿಗೆ ಹುಳಿ ಬಂದಿರುತ್ತೆ, ಸೋಮವಾರ ತಂದ ಸೊಪ್ಪು ಬಾಡಿರುತ್ತೆ. ನಮ್ಮ ಮುಖವೂ ಹೆಚ್ಚುಕಮ್ಮಿ ಹಾಗೇ.

ಈ ಸಲ ಬುಧವಾರವೇ ಫೆಬ್ರವರಿ 28 ಬಂತು. ಹಿಂದಿನ ರಾತ್ರಿ ಒಂಬತ್ತೂವರೆಗೆ, ನಾನು ಅಡುಗೆಮನೆ ಒರೆಸಿ ದೀಪ ಆರಿಸುವ ಹೊತ್ತಿಗೆ, ನಮ್ಮ ಮಗರಾಯ ಬಾಗಿಲಲ್ಲಿ ನಿಂತ. "ಅಮ್ಮಾ, ನಾಳೆ ಸ್ಕೂಲಲ್ಲಿ ವಿಜ್ಞಾನ ದಿನ. ಮಾಡೆಲ್ ತಗೊಂಡು ಹೋಗ್ಬೇಕು." ಹೇಳಿದ್ದು ಯಾವಾಗ ಅಂದರೆ ಹದಿನೈದು ದಿನದ ಹಿಂದೆಯಂತೆ! ಹಳೇ ಟಿ.ವಿ. ಡಬ್ಬದ ಥರ್ಮೊಕೋಲ್ ಹುಡುಕಿ, ಕತ್ತರಿಸಿ, ಗೋಂದು ಹಚ್ಚಿ, ಅದೇನೋ ಜ್ವಾಲಾಮುಖಿ ಅಂತೆ, ಮಾಡಿ ಮುಗಿಸುವಾಗ ಹನ್ನೊಂದೂವರೆ. ಒಣಗಲಿ ಅಂತ ಒಲೆಕಟ್ಟೆಯ ಮೂಲೆಯಲ್ಲಿಟ್ಟು ಮಲಗಿದೆವು.

ಬೆಳಿಗ್ಗೆ ಆರಕ್ಕೆ ಹಾಲು ಒಲೆಯ ಮೇಲಿಟ್ಟೆ. ಅದೇ ಹೊತ್ತಿಗೆ ಹಿತ್ತಿಲ ನಲ್ಲಿ ಗೊರ್ ಅಂದಿತು. ನಲ್ಲಿ ಕರೆದರೆ ಗೃಹಿಣಿ ನಿಲ್ಲೋದುಂಟೇ? ಡ್ರಮ್ಮು, ಕೊಡ, ಬಕೆಟ್ಟು ತುಂಬಿಸುತ್ತಾ ನಿಂತೆ. ಸೀದ ವಾಸನೆ ಮೂಗಿಗೆ ಬಡಿದಾಗಲೇ ಹಾಲಿನ ನೆನಪು. ಓಡಿಬಂದು ನೋಡಿದರೆ, ಪಾತ್ರೆ ಕಪ್ಪಾಗಿರೋದು ಅತ್ತ ಇರಲಿ, ಪಕ್ಕದಲ್ಲಿ ಬಿಟ್ಟಿದ್ದ ಹಿಡಿಬಟ್ಟೆಯ ತುದಿಗೆ ಬೆಂಕಿ! ಅದರ ಆಚೆಗೇ ಥರ್ಮೊಕೋಲ್ ಜ್ವಾಲಾಮುಖಿ, ಈ ಸಲ ನಿಜವಾಗಿಯೇ ಕರಗುತ್ತಿದೆ. ಗ್ಯಾಸ್ ಆರಿಸಿ, ಬಟ್ಟೆಯನ್ನೂ ಮಾಡೆಲನ್ನೂ ಇಕ್ಕಳದಲ್ಲಿ ಹಿಡಿದು ಸಿಂಕಿಗೆ ಎಸೆದು ನಲ್ಲಿ ತಿರುಗಿಸಿದೆ. ಎಲ್ಲ ಸೇರಿ ಒಂದು ನಿಮಿಷದ ಮಾತು. ಕಾಲು ನಡುಗಿದ್ದು ಆಮೇಲೆ.

ಮಗ ಬಂದು, "ನನ್ನ ಮಾಡೆಲ್!" ಅಂತ ಅತ್ತ. ಅತ್ತೆಯವರು ಪಾತ್ರೆ ನೋಡಿ, "ಅದು ನಮ್ಮಮ್ಮ ಕೊಟ್ಟಿದ್ದು" ಅಂದರು. ಯಜಮಾನರು ಪೇಪರಿನಿಂದ ತಲೆ ಎತ್ತದೇ, "ಹಾಗಾದ್ರೆ ಕಾಫಿ ಇಲ್ವಾ?" ಅಂದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪೇಪರಿನಲ್ಲಿ "ಇತಿಹಾಸದಲ್ಲಿ ಈ ದಿನ" ಅಂತ ಬರುತ್ತಲ್ಲ, ಅದನ್ನು ಜೋರಾಗಿ ಓದಿದರು: "ನೋಡೇ, 1897ರಲ್ಲಿ ಇದೇ ದಿನ ಮೈಸೂರು ಅರಮನೆ ಸುಟ್ಟುಹೋಗಿತ್ತಂತೆ. ನೀನೂ ದಿನ ನೋಡ್ಕೊಂಡೇ ಹಚ್ಚಿದೀಯ!"

ಕೈ ಸುಟ್ಟಿತೇ ಅಂತ ಒಬ್ಬರೂ ಕೇಳಲಿಲ್ಲ ನೋಡಿ.

ಅಳೋಕೂ ಪುರುಸೊತ್ತಿರಲಿಲ್ಲ. ಅದೇ ಪೇಪರಿನಲ್ಲಿ ಸರ್ ಸಿ.ವಿ. ರಾಮನ್ನರ ಚಿತ್ರವೂ ಇತ್ತು. 1928ರ ಫೆಬ್ರವರಿ 28ರಂದು ಅವರು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ ಕಂಡುಹಿಡಿದರು, 1930ರಲ್ಲಿ ನೊಬೆಲ್ ಬಂತು. ಆ ನೆನಪಿಗೇ ಈ ವಿಜ್ಞಾನ ದಿನ. ಸಮುದ್ರ ಯಾಕೆ ನೀಲಿ ಅಂತ 1921ರಲ್ಲಿ ಹಡಗಿನ ಮೇಲೆ ನಿಂತು ಯೋಚಿಸಿದ್ದರಂತೆ. ತಟ್ಟನೆ ನನಗೆ ಹೈಸ್ಕೂಲಿನ ಮೇಷ್ಟ್ರು ಮಾಡಿ ತೋರಿಸಿದ್ದು ನೆನಪಾಯಿತು. ಎಸ್.ಎಸ್.ಎಲ್.ಸಿ.ಗೆ ನನ್ನ ಓದು ನಿಂತಿತು. ಆ ಗಾಜಿನ ಲೋಟ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು. ಪಕ್ಕದ ಮನೆಯಿಂದ ಅರ್ಧ ಲೋಟ ಹಾಲು ಸಾಲ ತಂದೆ. ನೀರು ತುಂಬಿದ ಗಾಜಿನ ಲೋಟಕ್ಕೆ ಎರಡು ಹನಿ ಹಾಲು ಬಿಟ್ಟು, ಕಿಟಕಿ ಮುಚ್ಚಿ, ಟಾರ್ಚ್ ಹಾಕಿದೆ. ಪಕ್ಕದಿಂದ ನೋಡಿದರೆ ತಿಳಿನೀಲಿ, ಎದುರಿನಿಂದ ನೋಡಿದರೆ ಕಿತ್ತಳೆ ಛಾಯೆ. ಬೆಳಕು ಚದುರುವ ಆಟ. ಮಗ ಬಾಯಿಬಿಟ್ಟು, "ಅಮ್ಮಾ, ಇದೆಲ್ಲ ನಿಂಗೆ ಹೇಗೆ ಗೊತ್ತು?" ಅಂದ. ಯಜಮಾನರೂ ಪೇಪರ್ ಕೆಳಗಿಟ್ಟರು. ಉಳಿದ ಹಾಲು ಅವರ ಕಾಫಿಗಾಯಿತು.

ಎಲ್ಲರೂ ಹೋದ ಮೇಲೆ ಪಾತ್ರೆ ತಿಕ್ಕುತ್ತಾ ಆ ಅರಮನೆಯನ್ನೇ ನೆನೆಸಿಕೊಂಡೆ. ನಮ್ಮದು ಒಂದು ಹಿಡಿಬಟ್ಟೆ. ಅಲ್ಲಿ ಮರದ ಅರಮನೆಗೇ ಅರಮನೆ. ಅದೂ ಯಾವಾಗ? ದೊಡ್ಡ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಡಗರದಲ್ಲಿ. ತಾಯಿ ವಾಣಿವಿಲಾಸ ಸನ್ನಿಧಾನದವರಿಗೆ ಆಗ ಮೂವತ್ತರ ಆಸುಪಾಸು. ಮಹಾರಾಜ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಹನ್ನೆರಡು ವರ್ಷ. ರಾಜ್ಯದ ಭಾರವೆಲ್ಲ ಆಕೆಯ ತಲೆ ಮೇಲೆ. ಅದರ ನಡುವೆ ಮದುವೆ ಮನೆಗೆ ಬೆಂಕಿ!

ಆಕೆ ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಅದೇ ವರ್ಷ ಹೆನ್ರಿ ಇರ್ವಿನ್ನರಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದರು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಅದು ಮುಗಿದದ್ದು 1912ರಲ್ಲಿ, ಸುಮಾರು 41 ಲಕ್ಷ ರೂಪಾಯಿ ಖರ್ಚಾಗಿ. ಅಷ್ಟರೊಳಗೆ, 1902ರಲ್ಲಿ, ಜಗನ್ಮೋಹನ ಅರಮನೆಯಲ್ಲಿ ಮಗನ ಪಟ್ಟಾಭಿಷೇಕ ನಡೆಸಿ ರಾಜ್ಯ ಒಪ್ಪಿಸಿದ್ದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಆ ವರ್ಷವೇ. ಇಪ್ಪತ್ತು ವರ್ಷದಿಂದ ಕಾಗದದ ಮೇಲೆ "ವಿ.ವಿ. ಮೊಹಲ್ಲಾ" ಅಂತ ವಿಳಾಸ ಬರೀತೀನಿ. ಆ ಎರಡು ಅಕ್ಷರ ವಾಣಿವಿಲಾಸ ಅಂತ ಗೊತ್ತಿದ್ದೂ, ಆ ತಾಯಿಯನ್ನು ಒಂದು ದಿನವಾದರೂ ನೆನೆದಿರಲಿಲ್ಲ. ಅರಮನೆ ಸುಟ್ಟ ಲೆಕ್ಕ, ಕಟ್ಟಿದ ಲೆಕ್ಕ ಎಲ್ಲಾ ಇದೆ. ಆ ರಾತ್ರಿ ಆಕೆಯ ಎದೆ ಎಷ್ಟು ಹೊಡೆದುಕೊಂಡಿತು ಅಂತ ಯಾರಾದರೂ ಕೇಳಿದ್ದರೋ ಇಲ್ಲವೋ!

ಸಂಜೆ ಅತ್ತೆಯವರು ಮೆಲ್ಲಗೆ ಅಡುಗೆಮನೆಗೆ ಬಂದರು. "ಕೈ ತೋರ್ಸು" ಅಂದರು. ಬೆರಳ ತುದಿ ಕೆಂಪಾಗಿತ್ತು ಅಷ್ಟೆ. "ನಾನೂ ಒಂದ್ಸಲ ಸೀಮೆಎಣ್ಣೆ ಸ್ಟೌ ಹಚ್ಚೋಕೆ ಹೋಗಿ ಧಾರೆ ಸೀರೆ ಸೆರಗು ಸುಟ್ಕೊಂಡಿದ್ದೆ. ಮಾವನವರಿಗೆ ಹೆದರಿ ಸೀರೆ ಪೆಟ್ಟಿಗೆ ತಳಕ್ಕೆ ಹಾಕ್ಬಿಟ್ಟೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಕಣೆ" ಅಂದರು. ನಲವತ್ತು ವರ್ಷದ ಗುಟ್ಟು! ಇಬ್ಬರೂ ಕೂತು ಕಾಫಿ ಕುಡಿದೆವು. ಪಾತ್ರೆಯ ಮಾತು ಮತ್ತೆ ಬರಲಿಲ್ಲ.

ನಿಮಗೂ ಎರಡು ಮಾತು. ಒಲೆ ಉರಿಯುವಾಗ ಹತ್ತಿರ ಬಟ್ಟೆ, ಥರ್ಮೊಕೋಲ್, ಪೇಪರು ಬೇಡ. ನಲ್ಲಿ ಎಷ್ಟೇ ಕೂಗಲಿ, ಮೊದಲು ಗ್ಯಾಸ್ ಆರಿಸಿ ಹೋಗಿ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಸುರಿಯಬೇಡಿ. ಒಲೆ ಆರಿಸಿ, ಸರಿಯಾಗಿ ಕೂರುವ ಮುಚ್ಚಳ ಮುಚ್ಚಿಬಿಡಿ. ಸೀದ ಪಾತ್ರೆಗೆ ಹುಣಿಸೆಹಣ್ಣು, ಉಪ್ಪು ಹಾಕಿದ ನೀರು ಕುದಿಸಿ ರಾತ್ರಿಯೆಲ್ಲ ಬಿಡಿ. ನಮ್ಮ ಅತ್ತೆಯವರ ಪಾತ್ರೆ ಮುಕ್ಕಾಲು ಪಾಲು ಬೆಳಗಿದೆ.

ಆಮೇಲೆ ಲೆಕ್ಕ ಹಾಕಿ ನೋಡಿದೆ. 1897ರ ಆ ಫೆಬ್ರವರಿ 28 ಭಾನುವಾರ. ಈಗ ಭಾನುವಾರ ಸಂಜೆ ಅದೇ ಜಾಗದಲ್ಲಿ ಲಕ್ಷದ ಹತ್ತಿರ ದೀಪ ಝಗ್ಗನೆ ಹತ್ತಿಕೊಳ್ಳುತ್ತವೆ. ಈ ಭಾನುವಾರ ಅತ್ತೆಯವರನ್ನು ಕರೆದುಕೊಂಡು ನೋಡೋಕೆ ಹೋಗ್ತಿದೀನಿ. ಗ್ಯಾಸ್ ಆರಿಸಿಯೇ ಹೋಗ್ತೀನಿ, ಹೆದರಬೇಡಿ!