ವಿಮೆಯ ಕಾರ್ಡ್ ಕೈಯಲ್ಲಿದೆ, ಮನೋವೈದ್ಯರ ಬಾಗಿಲು ಎಲ್ಲಿದೆ?

ಮೊರಬದ ಒಂದು ಮನೆಯ ಸಂಗತಿಯಿಂದ ಈ ಮಾತನ್ನು ಆರಂಭಿಸಬೇಕಾಗಿದೆ. ಹೆಸರು ಬೇಡವೆಂದು ಆ ಮನೆಯವರೇ ಕೇಳಿಕೊಂಡಿದ್ದಾರೆ. ಹಿರಿಯ ಮಗ ಹುಬ್ಬಳ್ಳಿಯ ಖಾಸಗಿ ಸಂಸ್ಥೆಯೊಂದರ ನೌಕರ. ಸಂಸ್ಥೆಯು ಮಾಡಿಸಿದ ಗುಂಪು ಆರೋಗ್ಯ ವಿಮೆಯಲ್ಲಿ ಆತನ ಪತ್ನಿಯ ಹೆಸರೂ ಇದೆ. ಎರಡನೆಯ ಹೆರಿಗೆಯ ಬಳಿಕ ಆಕೆ ಮಾತು ಬಿಟ್ಟಳು, ನಿದ್ದೆ ಬಿಟ್ಟಳು, ಮಗುವನ್ನು ಎತ್ತಿಕೊಳ್ಳಲು ಹೆದರತೊಡಗಿದಳು. ಮನೆಯವರು ಮೊದಲು ತಾಯಿತ ಕಟ್ಟಿಸಿದರು. ಬಳಿಕ ದರ್ಗಾವೊಂದಕ್ಕೆ ಐದು ಗುರುವಾರ ಕರೆದೊಯ್ದರು. ಆರನೆಯ ವಾರ, ನಸುಕಿನಲ್ಲಿ, ಆಕೆ ಒಬ್ಬಳೇ ಕೆರೆಯ ದಂಡೆಯಲ್ಲಿ ಕುಳಿತಿದ್ದುದನ್ನು ಅತ್ತೆ ಕಂಡರು. ಅಂದೇ ಹುಬ್ಬಳ್ಳಿಗೆ ಹೊರಟರು.

ವಿಮಾ ಕಂಪೆನಿಯ ಸಹಾಯವಾಣಿಯು ಕೆಲವು ಆಸ್ಪತ್ರೆಗಳ ಹೆಸರು ಕೊಟ್ಟಿತು. ಮೊದಲನೆಯದರಲ್ಲಿ ಮನೋವೈದ್ಯರೇ ಇರಲಿಲ್ಲ. ಎರಡನೆಯದರಲ್ಲಿ ವೈದ್ಯರಿದ್ದರು, ಆದರೆ ‘ದಾಖಲಾದರೆ ಮಾತ್ರ ಕಾರ್ಡ್ ನಡೆಯುತ್ತದೆ, ಬಂದು ತೋರಿಸಿಕೊಂಡು ಹೋಗುವುದಕ್ಕೆ ನಡೆಯುವುದಿಲ್ಲ’ ಎಂಬ ಉತ್ತರ ಬಂತು. ವೈದ್ಯರು ಆಕೆಯನ್ನು ಪರೀಕ್ಷಿಸಿ, ದಾಖಲಾತಿ ಬೇಕಿಲ್ಲ, ಔಷಧ ಮತ್ತು ವಾರಕ್ಕೊಮ್ಮೆ ಆಪ್ತಸಮಾಲೋಚನೆ ಸಾಕು ಎಂದರು. ಅಂದರೆ ಆಕೆಯ ರೋಗ ಆಸ್ಪತ್ರೆ ಸೇರುವಷ್ಟು ಉಲ್ಬಣಿಸಿರಲಿಲ್ಲ ಎಂಬುದೇ ವಿಮೆ ಸಿಗದಿರಲು ಕಾರಣವಾಯಿತು. ಪ್ರತಿ ಭೇಟಿಯ ಶುಲ್ಕ, ಔಷಧ, ಇಬ್ಬರ ಬಸ್ ಖರ್ಚು, ಆ ದಿನದ ಸಂಬಳ ಕಡಿತ. ಮೂರು ತಿಂಗಳಲ್ಲಿ ಹೆಸರು ಮಾರಿ ಬಂದ ಹಣ ಕರಗಿತು.

ಹಾಗಾದರೆ ಕಾನೂನು ಏನೆನ್ನುತ್ತದೆ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರಲ್ಲಿ ಅದು ಜಾರಿಗೆ ಬಂತು. ದೈಹಿಕ ರೋಗಕ್ಕೆ ಯಾವ ಆಧಾರದಲ್ಲಿ ವಿಮೆ ಕೊಡಲಾಗುತ್ತದೆಯೋ ಅದೇ ಆಧಾರದಲ್ಲಿ ಮಾನಸಿಕ ರೋಗಕ್ಕೂ ಕೊಡಬೇಕೆಂದು ಅದರ 21ನೆಯ ಕಲಮಿನ 4ನೆಯ ಉಪಕಲಮು ವಿಧಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಈ ಕುರಿತು ಎಲ್ಲ ಕಂಪೆನಿಗಳಿಗೆ ಸುತ್ತೋಲೆ ಕಳುಹಿಸಿತು. ಕಂಪೆನಿಗಳು ಅದನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದವೆಂದರೆ, 2022ರ ಅಕ್ಟೋಬರ್‌ನಲ್ಲಿ ಅದೇ ಮಾತನ್ನು ಗಡುವು ಸಮೇತ ಮತ್ತೊಮ್ಮೆ ಹೇಳಬೇಕಾಯಿತು! ಇದರ ನಡುವೆ, ಮಹಿಳೆಯೊಬ್ಬರ ಮಾನಸಿಕ ಚಿಕಿತ್ಸೆಯ ವೆಚ್ಚವನ್ನು ಸಾರ್ವಜನಿಕ ವಲಯದ ಕಂಪೆನಿಯೊಂದು ನಿರಾಕರಿಸಿದಾಗ, ಕಾಯ್ದೆ ಜಾರಿಯಾದ ದಿನದಿಂದಲೇ ಕಂಪೆನಿಗಳು ಅದಕ್ಕೆ ಬದ್ಧವೆಂದು ದೆಹಲಿ ಹೈಕೋರ್ಟ್ 2021ರ ಎಪ್ರಿಲ್‌ನಲ್ಲಿ ತೀರ್ಪಿತ್ತಿತು.

ಇಷ್ಟಿದ್ದೂ ಮೊರಬದ ಹೆಣ್ಣುಮಗಳಿಗೆ ಬಿಡಿಗಾಸು ಸಿಗಲಿಲ್ಲ, ಮತ್ತು ಕಂಪೆನಿ ಕಾನೂನನ್ನು ಮುರಿದಿದೆಯೆಂದು ಹೇಳುವಂತೆಯೂ ಇಲ್ಲ. ವಸ್ತುಸ್ಥಿತಿ ಏನೆಂದರೆ, ನಮ್ಮಲ್ಲಿನ ಹೆಚ್ಚಿನ ವಿಮೆಗಳು ಆಸ್ಪತ್ರೆಯ ಹಾಸಿಗೆಯ ಲೆಕ್ಕದ ಮೇಲೆ ನಿಂತಿವೆ. ಕಾಲು ಮುರಿದವನು ಹಾಸಿಗೆ ಹಿಡಿಯುತ್ತಾನೆ, ವಿಮೆ ಹಣ ಕೊಡುತ್ತದೆ. ಖಿನ್ನತೆಗೆ ಒಳಗಾದವಳು ಹಾಸಿಗೆ ಹಿಡಿಯಬೇಕಾಗಿಲ್ಲ. ಆಕೆಗೆ ಬೇಕಾದುದು ಮನೋವೈದ್ಯರ ಕೊಠಡಿಯಲ್ಲಿ ಒಂದಷ್ಟು ಹೊತ್ತು, ತಿಂಗಳುಗಟ್ಟಲೆ. ಜ್ವರಕ್ಕೆ ಹೊರರೋಗಿಯಾಗಿ ಹೋದರೂ ಹಣ ಕೊಡುವುದಿಲ್ಲ, ಖಿನ್ನತೆಗೂ ಕೊಡುವುದಿಲ್ಲ, ಆದುದರಿಂದ ಸಮಾನತೆ ಪಾಲನೆಯಾಗಿದೆ ಎಂಬುದು ಕಂಪೆನಿಗಳ ವಾದ. ಇಂತಹ ಸಮಾನತೆಯನ್ನು ಏನೆಂದು ಕರೆಯೋಣ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯು, ರೋಗಕ್ಕೆ ಅನುಗುಣವಾಗಿ, ಚಿಕಿತ್ಸೆ ಬೇಕಾದವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಅದು ದೊರೆಯುತ್ತಿಲ್ಲವೆಂದು ತಿಳಿಸಿತ್ತು. ಹೊರರೋಗಿ ವಿಭಾಗದ ಬಾಗಿಲಲ್ಲೇ ವಿಮೆ ಕೈಕೊಡುವಾಗ ಈ ಅಂತರ ತಗ್ಗುವುದಾದರೂ ಹೇಗೆ? ಶಾಸನಸಭೆಗೂ ಸಂಸತ್ತಿಗೂ ನಾವು ಆರಿಸಿ ಕಳುಹಿಸಿದವರನ್ನು ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳಿದಂತಿಲ್ಲ.

ಆದರೂ ಕಾರ್ಡ್ ಇದ್ದವರು ಕೈಕಟ್ಟಿ ಕುಳಿತುಕೊಳ್ಳಬಾರದು. ಪಾಲಿಸಿಯಲ್ಲಿ ಹೊರರೋಗಿ ಚಿಕಿತ್ಸೆಯ ಸೌಲಭ್ಯವಿದೆಯೇ, ಮಾನಸಿಕ ರೋಗಕ್ಕೆ ಪ್ರತ್ಯೇಕ ಮಿತಿ ಹಾಕಿದ್ದಾರೆಯೇ ಎಂದು ಬರವಣಿಗೆಯಲ್ಲಿ ಕೇಳಿರಿ. ಫೋನಿನ ಉತ್ತರಕ್ಕೆ ಬೆಲೆಯಿಲ್ಲ. ಕೆಲವು ಸಂಸ್ಥೆಗಳು ನೌಕರರಿಗೆ ಉಚಿತ ಆಪ್ತಸಮಾಲೋಚನೆಯ ವ್ಯವಸ್ಥೆ ಮಾಡಿರುತ್ತವೆ, ಅದನ್ನೂ ವಿಚಾರಿಸಿರಿ. ರೋಗದ ಹೆಸರು ಮಾಲಕರಿಗೆ ತಿಳಿಯುವುದೆಂಬ ಅಂಜಿಕೆ ಹಲವರಿಗಿದೆ. ಅದೇ ಕಾಯ್ದೆಯ 23ನೆಯ ಕಲಮು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ದಾಖಲಾತಿ ಅನಿವಾರ್ಯವಾದರೆ, ಬಿಡುಗಡೆಯ ನಂತರದ ಔಷಧ ಮತ್ತು ಭೇಟಿಯ ವೆಚ್ಚವನ್ನು ಹೆಚ್ಚಿನ ಪಾಲಿಸಿಗಳು ಸಾಮಾನ್ಯವಾಗಿ 60 ದಿನಗಳವರೆಗೆ ಭರಿಸುತ್ತವೆ, ಚೀಟಿಗಳನ್ನು ಎಸೆಯಬೇಡಿರಿ. ಹೊಸದಾಗಿ ವಿಮೆ ಮಾಡಿಸುವವರು ಹಿಂದಿನ ಚಿಕಿತ್ಸೆಯನ್ನು ಬಚ್ಚಿಡುವುದು ಬೇಡ. ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿಯನ್ನು 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಲಾಗಿದೆ. ಬಚ್ಚಿಟ್ಟದ್ದು ಹೊರಬಿದ್ದರೆ ಎಲ್ಲವೂ ಹೋಗಬಹುದು. ಕಂಪೆನಿ ನಿರಾಕರಿಸಿದರೆ ಮೊದಲು ಅಲ್ಲಿಯೇ ದೂರು ಕೊಟ್ಟು, ಒಂದು ತಿಂಗಳಲ್ಲಿ ಸಮರ್ಪಕ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕಾರ್ಡ್ ಕೊಡಿಸುವ ಮಾಲಕನೇ ಇಲ್ಲದವರ ಗತಿ? ನವಲಗುಂದದ ಜಮಖಾನೆ ನೇಯುವ ನಮ್ಮ ಹೆಣ್ಣುಮಕ್ಕಳಿಗೂ ಮೊರಬದ ಕೂಲಿಕಾರರಿಗೂ ಇರುವುದು ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯೊಂದೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಅದರಲ್ಲಿದೆ. ಅದೂ ಮುಖ್ಯವಾಗಿ ದಾಖಲಾದ ರೋಗಿಗೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ವಿಮೆಯೆಂದರೆ ಬಡ್ಡಿ, ಬಡ್ಡಿಯೆಂದರೆ ಹರಾಮ್ ಎಂದು ಹೇಳಿ ಕಾರ್ಡನ್ನೇ ಮಾಡಿಸದ ಮನೆಗಳಿವೆ. ಮದ್ರಸಾದ ಚಾಪೆಯ ಮೇಲೆ ಕುಳಿತು ಈ ಚರ್ಚೆಯನ್ನು ನಾವೂ ಓದಿದ್ದೇವೆ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದಿತು, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಗುಂಪು ವಿಮೆಯ ಬಗ್ಗೆ ನಿಮ್ಮ ಆಲಿಮರನ್ನು ಕೇಳಿಕೊಳ್ಳಿರಿ. ಆದರೆ ಬಡವರಿಂದ ಕಂತನ್ನೇ ಪಡೆಯದ ಸರಕಾರಿ ಯೋಜನೆಯ ಕಾರ್ಡಿಗೆ ಈ ಚರ್ಚೆಯನ್ನು ಅಂಟಿಸುವುದು ವಿದ್ಯೆಯಲ್ಲ, ಸೋಮಾರಿತನ.

ಧಾರವಾಡ ಜಿಲ್ಲೆಯವರಿಗೆ ಇನ್ನೊಂದು ಅನುಕೂಲವಿದೆ. 1845ರಲ್ಲಿ ಬ್ರಿಟಿಷರು ಆರಂಭಿಸಿದ, ಜನರು ಇಂದಿಗೂ ತಗ್ಗಿದ ದನಿಯಲ್ಲಿ ‘ಹುಚ್ಚರ ದವಾಖಾನಿ’ ಎನ್ನುವ ಸಂಸ್ಥೆಯೇ ಇಂದಿನ ಡಿಮ್ಹಾನ್ಸ್. ಅದು ಸರಕಾರಿ ಸಂಸ್ಥೆ. ಹೊರರೋಗಿಯಾಗಿ ಹೋಗಲು ವಿಮೆಯ ಕಾರ್ಡ್ ಬೇಕಿಲ್ಲ. ಸರಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಕಾಯ್ದೆಯ 18ನೆಯ ಕಲಮಿನಂತೆ ಪ್ರತಿಯೊಬ್ಬರ ಹಕ್ಕು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲೂಕಿನಲ್ಲಿ ವೈದ್ಯರು ಬರುತ್ತಾರೆಯೇ ಎಂದು ಮುಖ್ಯ ವೈದ್ಯಾಧಿಕಾರಿಗಳನ್ನು ಕೇಳಿರಿ. ಬಾರದಿದ್ದರೆ ಏಕೆಂದು ಕೇಳಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖಾಸಗಿಯಾಗಿ ಹೋಗುವವರು, ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಫಲಕ ಹಾಕಿಕೊಂಡವರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬಾರದು.

ಇನ್ನು ಆ ಐದು ಗುರುವಾರಗಳ ಮಾತು. ದುಆ ಮಾಡಬೇಡಿರೆಂದು ನಾವು ಹೇಳುತ್ತಿಲ್ಲ. ಆದರೆ ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರ ನಸುಕಿನಲ್ಲಿ ನಡೆದುದನ್ನು ನಮ್ಮ ಸಮುದಾಯ ಮರೆಯಬಾರದು. ದರ್ಗಾದ ಹೆಸರಿನಲ್ಲಿ ರೋಗಿಗಳನ್ನು ತಂದು ಇರಿಸಿಕೊಂಡಿದ್ದ ಖಾಸಗಿ ಕೇಂದ್ರದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಮಾನಸಿಕ ರೋಗಿಯನ್ನು ಸಂಕೋಲೆಯಲ್ಲಿ ಕಟ್ಟುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಇತಿಹಾಸದತ್ತ ನೋಡಿದರೆ ನಾಚಿಕೆ ಇನ್ನೂ ಹೆಚ್ಚುತ್ತದೆ. ಹತ್ತನೆಯ ಶತಮಾನದ ಆದಿಯಲ್ಲಿ, ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಒಂದೇ ಗ್ರಂಥ ಬರೆದು, ಕಾರಣ ತಿಳಿದ ದುಃಖವೇ ಬೇರೆ, ಕಾರಣವೇ ಕಾಣದ ದುಃಖವೇ ಬೇರೆ ಎಂದು ವಿಂಗಡಿಸಿದ್ದರು. ಅವರು ಜಿನ್ನ್‌ಗಳನ್ನು ದೂರಿ ಕೈತೊಳೆದುಕೊಳ್ಳಲಿಲ್ಲ.

ನಮ್ಮ ಜಮಾಅತ್‌ಗಳು ಕಣ್ಣಿನ ಶಿಬಿರ, ಸಕ್ಕರೆ ಕಾಯಿಲೆಯ ಶಿಬಿರ ನಡೆಸುತ್ತವೆ. ಮನೋರೋಗದ ಶಿಬಿರವೆಂದರೆ ಮುತವಲ್ಲಿಗಳು ಅತ್ತಿತ್ತ ನೋಡುತ್ತಾರೆ. ‘ಶಿಬಿರಕ್ಕ ಬಂದವ್ರ ಮನಿಗೆ ನಾಳೆ ಹೆಣ್ಣು ಕೊಡೋರ‍್ಯಾರ್ರೀ?’ ಎಂದು ಒಬ್ಬರು ನಮ್ಮನ್ನೇ ಕೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಹಾಗಿದ್ದರೆ ಸಾಮಾನ್ಯ ಆರೋಗ್ಯ ಶಿಬಿರದಲ್ಲೇ ಇನ್ನೊಂದು ಕೊಠಡಿಯಲ್ಲಿ ಮನೋವೈದ್ಯರನ್ನು ಕೂರಿಸಲಿ. ಯಾರು ಯಾವುದಕ್ಕೆ ಬಂದರೆಂದು ಯಾರಿಗೂ ತಿಳಿಯದು. ಅದೇ ಮೇಜಿನಲ್ಲಿ ಓದುಬರಹ ಬಲ್ಲ ಹುಡುಗರಿಬ್ಬರು ಕುಳಿತು ಕಾರ್ಡ್‌ಗಳ ಷರತ್ತುಗಳನ್ನು ಓದಿ ಹೇಳಲಿ.

ಮೊರಬದ ಆ ತಾಯಿ ಈಗ ತಿಂಗಳಿಗೊಮ್ಮೆ ಅತ್ತೆಯ ಜೊತೆ ಧಾರವಾಡಕ್ಕೆ ಹೋಗಿಬರುತ್ತಾಳೆ. ಮಗು ಅವಳ ತೊಡೆಯ ಮೇಲೆಯೇ ಇರುತ್ತದೆ. ವಿಮೆಯ ಕಾರ್ಡ್ ಗಂಡನ ಪಾಕೀಟಿನಲ್ಲಿದೆ, ಇದುವರೆಗೆ ಬಳಕೆಯಾಗಿಲ್ಲ.