ಇಳಿಸಿಕೊಂಡ ಫೈಲಿಗೆ ಕೈ ಹಾಕಬೇಡಿ ಮಾರಾಯ್ರೇ!

ಅಲ್ಲಾ, ಇಳಿಸಿಕೊಂಡ ಬೂಟ್‌ಸ್ಟ್ರಾಪಿನ ಒಳಗೇ ಗೀಚುವ ಈ ಚಟ ನಮಗೆ ಎಲ್ಲಿಂದ ಅಂಟಿಕೊಂಡಿತು?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ "ಸೈಟು ಕೆಟ್ಟು ಕೂತಿದೆ ಕಣೋ" ಅಂತ ಗೋಳಾಡಿದ. ಕಥೆ, ಕವನಗಳ ಪುಟ್ಟ ಸೈಟು ಅವನದು. ಬೂಟ್‌ಸ್ಟ್ರಾಪಿನಲ್ಲಿ ತಲೆಬರಹದ ಸಾಲಿನ ಎತ್ತರ 1.2. ಇಂಗ್ಲಿಷಿಗೆ ಧಾರಾಳ ಸಾಕು. ನಮ್ಮಲ್ಲಿ ತಲೆಬರಹ ಎರಡು ಸಾಲಿಗೆ ಹೋದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಇವನು ಬೂಟ್‌ಸ್ಟ್ರಾಪ್.ಸಿಎಸ್ಎಸ್ ತೆರೆದು ಅಲ್ಲೇ 1.6 ಮಾಡಿದ್ದಾನೆ. ಏನೂ ಆಗಲಿಲ್ಲ. ಯಾಕೆಂದರೆ ಪುಟ ಓದುತ್ತಿದ್ದದ್ದು ಪಕ್ಕದ ಮಿನ್ ಫೈಲನ್ನು :) ಸರಿ, ಜಾಗವೇ ಬಿಡದೆ ಒತ್ತಿ ತುಂಬಿದ ಆ ಫೈಲಿನಲ್ಲೂ ಹುಡುಕಿ ತಿದ್ದಿದ. ಹೊಸ ಆವೃತ್ತಿ ಇಳಿಸಿ ಹಳೆಯದರ ಮೇಲೆ ಸುರಿದ ದಿನ ಅಷ್ಟೂ ಹೋಯಿತು. ಎಲ್ಲೆಲ್ಲಿ ತಿದ್ದಿದ್ದೆ ಅಂತ ಅವನಿಗೇ ನೆನಪಿಲ್ಲ!

ಒಪ್ಪುತ್ತೇನೆ, ಜಿಪ್ ಬಿಚ್ಚಿದರೆ ಗಾಬರಿಯಾಗುತ್ತದೆ. 2021ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಫೋಲ್ಡರ್ ಎರಡೇ, ಸಿಎಸ್ಎಸ್ ಮತ್ತು ಜೆಎಸ್. ಒಳಗೆ 32 ಮತ್ತು 12 ಫೈಲು! ಆದರೆ ಸಿಎಸ್ಎಸ್ಸಿನಲ್ಲಿ ಮೂಲ ಸರಕು ನಾಲ್ಕೇ: ಇಡೀ ಬೂಟ್‌ಸ್ಟ್ರಾಪ್, ಬರೀ ಗ್ರಿಡ್, ಬರೀ ರೀಬೂಟ್, ಬರೀ ಯುಟಿಲಿಟೀಸ್. ಪ್ರತಿಯೊಂದಕ್ಕೂ ನಮ್ಮಂಥವರಿಗೊಂದು, ಉರ್ದು, ಅರಬ್ಬಿಯಂತೆ ಬಲದಿಂದ ಎಡಕ್ಕೆ ಬರೆಯುವವರಿಗೊಂದು ರೂಪ. ಅದಕ್ಕೂ ಬಿಡಿಸಿ ಬರೆದ ಪ್ರತಿ, ಒತ್ತಿದ ಪ್ರತಿ, ಎರಡಕ್ಕೂ ಒಂದೊಂದು ಮ್ಯಾಪ್. ನಾಲ್ಕೆರಡ್ಲ ಎಂಟು, ಎಂಟ್ನಾಲ್ಕ್ಲ ಮೂವತ್ತೆರಡು. ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಬೂಟ್‌ಸ್ಟ್ರಾಪ್.ಮಿನ್.ಸಿಎಸ್ಎಸ್ ಮತ್ತು ಬೂಟ್‌ಸ್ಟ್ರಾಪ್.ಬಂಡಲ್.ಮಿನ್.ಜೆಎಸ್, ಎರಡೇ. ಬಂಡಲ್ ಒಳಗೆ ಪಾಪರ್ ಇದೆ. ಜೆಕ್ವೆರಿ ಈಗ ಬೇಕಿಲ್ಲ, ಹಳೇ ಅಭ್ಯಾಸಕ್ಕೆ ಇನ್ನೂ ಹೊರುತ್ತಿದ್ದೀರಿ ಅಷ್ಟೆ.

ಈ 44ರಲ್ಲಿ ಒಂದೂ ಕೈಯಿಂದ ತಿದ್ದಲಿಕ್ಕೆ ಇಟ್ಟದ್ದಲ್ಲ ಸ್ವಾಮಿ. ಬೇರೆ ಮೂಲದಿಂದ ಯಂತ್ರ ತಯಾರಿಸಿದ ಸರಕು ಅದು. ಒಳಗೇ ಬದಲಿಸುವ ಹಟವಿದ್ದರೆ ಮೂಲದ ಜಿಪ್ ಬೇರೆಯೇ ಸಿಗುತ್ತದೆ. ಅದರ ಎಸ್‌ಸಿಎಸ್ಎಸ್ ಫೋಲ್ಡರಿನಲ್ಲಿ ತಲೆಬರಹದ ಸಾಲಿನ ಎತ್ತರಕ್ಕೆಂದೇ ಒಂದು ವೇರಿಯಬಲ್ ಇದೆ, ಅದಕ್ಕೆ ನಿಮ್ಮ ಬೆಲೆ ಕೊಟ್ಟು ಕಂಪೈಲ್ ಮಾಡಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲವೇ? ಕನ್ನಡ.ಸಿಎಸ್ಎಸ್ ಅಂತ ನಿಮ್ಮದೇ ಒಂದು ಫೈಲು ಮಾಡಿ, ಬೂಟ್‌ಸ್ಟ್ರಾಪಿನ ಲಿಂಕಿನ ಕೆಳಗೆ ಜೋಡಿಸಿ. ಕೆಳಗೆ, ಮೇಲಲ್ಲ! ತೂಕ ಸಮವಿದ್ದಾಗ ಕೊನೆಗೆ ಬಂದವನ ಮಾತೇ ನಡೆಯುವುದು.

"ನಾಲ್ಕು ಸಾಲಿಗೆ ಇನ್ನೊಂದು ಫೈಲಾ, ಪುಟ ನಿಧಾನವಾಗಲ್ವಾ" ಅಂದ ಮಹಾನುಭಾವ. ತಲೆಬರಹದ ಹಿಂದೆ ಎರಡು ಎಂಬಿ ಫೋಟೋ ಹಾಕಿಕೊಂಡವನು ಈ ಮಾತಾಡುವುದಾ?

ಇನ್ನೂ ಅಲ್ಲೇ ಗೀಚ್ತೀವಿ ಅನ್ನೋರು ಕಾರಣ ಹೇಳಿ, ಜಗಳಕ್ಕೆ ನಾನು ರೆಡಿ :)