ಬಿಗಿಯಂಗಿ ತೊಟ್ಟರೆ ಕೈ ಎತ್ತಲಾಗುವುದಿಲ್ಲವೇ? ತೋಳು ಮತ್ತು ಹತ್ತಿಪದರದ ಲೆಕ್ಕ

ಶಾಲೆ–ಕಾಲೇಜುಗಳ ಐತಿಹಾಸಿಕ ನಾಟಕಗಳಲ್ಲಿ ಈ ದೃಶ್ಯವನ್ನು ನೀವೂ ನೋಡಿರಬಹುದು. ರಾಜನ ಪಾತ್ರಧಾರಿ ಕತ್ತಿ ಎತ್ತುತ್ತಾನೆ. ಕತ್ತಿಯ ಜೊತೆಗೆ ಅಂಗಿಯೂ ಮೇಲೇರುತ್ತದೆ, ಸೊಂಟಪಟ್ಟಿ ಜಾರುತ್ತದೆ, ಒಳಗಿನ ಬನಿಯನ್ ಕಾಣುತ್ತದೆ. ಸಭೆ ನಗುತ್ತದೆ. ಆಮೇಲೆ ಎಲ್ಲರೂ ಕೊಡುವ ಸಲಹೆ ಒಂದೇ: "ಕಂಕುಳ ಹತ್ತಿರ ಇನ್ನೂ ಸಡಿಲ ಬಿಡಬೇಕಿತ್ತು."

ನಾವೂ ಹಾಗೆಯೇ ನಂಬಿದ್ದೆವು. ನಾಟಕವೊಂದಕ್ಕೆ ವಿಜಯನಗರ ಕಾಲದ ಕಬಾಯಿ ಹೊಲಿಸಲು ಶಿವಾಜಿನಗರದ ಹಿರಿಯ ದರ್ಜಿಯೊಬ್ಬರ ಬಳಿ ಹೋಗಿ, ಆರ್ಮ್‌ಹೋಲನ್ನು ಎರಡು ಇಂಚು ಕೆಳಗಿಳಿಸಿ ಎಂದೆವು. ಅವರು ತಲೆಯಾಡಿಸಿದರು. "ಕೆಳಗೆ ಇಳಿಸಿದರೆ ಕೈ ಕಟ್ಟಿಹಾಕಿದ ಹಾಗೆ ಆಗುತ್ತೆ. ಮೇಲೆ ಕೂರಿಸಬೇಕು" ಎಂದು ಎರಡೂ ಬಗೆಯನ್ನು ಕಚ್ಚಾ ಹೊಲಿಗೆಯಲ್ಲಿ ಮಾಡಿ ತೊಡಿಸಿದರು. ಅವರ ಮಾತೇ ಸರಿಯಾಗಿತ್ತು.

ಕಬಾಯಿ ಎಂದರೇನು?

ಹೊಲಿದ ಬಿಗಿಯಂಗಿಗಳು ಬ್ರಿಟಿಷರ ಜೊತೆ ಬಂದವು ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೆಂಗಳೂರು ದಂಡುಪ್ರದೇಶ ಶುರುವಾದದ್ದು 1809ರಲ್ಲಿ. ಅದಕ್ಕೂ ಮೂರೂವರೆ ಶತಮಾನ ಮೊದಲೇ, 1443ರಲ್ಲಿ ವಿಜಯನಗರಕ್ಕೆ ಬಂದ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್, ಇಮ್ಮಡಿ ದೇವರಾಯ ರೇಷ್ಮೆಯ ಕಬಾಯಿ ತೊಟ್ಟು ಕುಳಿತಿದ್ದನ್ನು ಬರೆದಿಟ್ಟಿದ್ದಾನೆ. 'ಕಬಾಯಿ' ಎಂಬ ಹೆಸರು ಅರಬ್ಬಿಯ 'ಕಬಾ'ದಿಂದ ಬಂದದ್ದು. ಬೆಂಗಳೂರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ಲೇಪಾಕ್ಷಿಯ 16ನೇ ಶತಮಾನದ ಚಾವಣಿ ಚಿತ್ರಗಳಲ್ಲಿ ಉದ್ದ ತೋಳಿನ ಬಿಳಿ ಕಬಾಯಿ, ಎತ್ತರದ ಕುಲ್ಲಾಯಿ ತೊಟ್ಟ ಗಂಡಸರನ್ನು ಇಂದಿಗೂ ನೋಡಬಹುದು.

ಆದರೆ ಚಿತ್ರ ತೋರಿಸುವುದು ಹೊರಗಿನ ರೂಪವನ್ನು ಮಾತ್ರ. ಒಳಗಿನ ಹೊಲಿಗೆಯನ್ನು ನಾವು ದೇಹದ ಚಲನೆಯಿಂದಲೇ ಊಹಿಸಬೇಕು.

ಸಡಿಲವಾದ ಕಂಕುಳೇ ಕೈಯನ್ನು ಹಿಡಿಯುವುದು ಏಕೆ?

ನಿಮ್ಮ ಒಂದು ಕೈಯನ್ನು ಸೊಂಟದ ಬದಿಗಿಟ್ಟು, ಇನ್ನೊಂದು ಕೈಯನ್ನು ಮೇಲೆತ್ತಿ ನೋಡಿ. ಎತ್ತಿದ ಕಡೆ, ಸೊಂಟದಿಂದ ಮೊಣಕೈವರೆಗಿನ ಅಂತರ ಬಹಳ ಹೆಚ್ಚಾಗುತ್ತದೆ. ಚರ್ಮ ಹಿಗ್ಗುತ್ತದೆ, ನೇಯ್ದ ಬಟ್ಟೆ ಅಷ್ಟು ಹಿಗ್ಗುವುದಿಲ್ಲ.

ತೋಳಿನ ಹೊಲಿಗೆ ಕಂಕುಳಿಗೆ ಹತ್ತಿರವಿದ್ದರೆ, ತೋಳು ಭುಜದ ಕೀಲಿನ ಜೊತೆಗೇ ತಿರುಗುತ್ತದೆ. ಅಂಗಿಯ ಮೈ ಇದ್ದಲ್ಲೇ ಇರುತ್ತದೆ. ಹೊಲಿಗೆ ಕೆಳಗಿದ್ದರೆ ತೋಳಿಗೂ ಪಕ್ಕೆಗೂ ನಡುವೆ ಬಾವಲಿಯ ರೆಕ್ಕೆಯಂತೆ ಬಟ್ಟೆ ಹರಡಿಕೊಳ್ಳುತ್ತದೆ. ಕೈ ಎತ್ತಿದಾಗ ಅದು ಇಡೀ ಅಂಗಿಯನ್ನೇ ಮೇಲಕ್ಕೆಳೆಯುತ್ತದೆ.

ಇದಕ್ಕೆ ಬೇರೆ ಬೇರೆ ನಾಡಿನ ದರ್ಜಿಗಳು ಬೇರೆ ಬೇರೆ ಉಪಾಯ ಕಂಡುಕೊಂಡರು. ಫ್ರಾನ್ಸಿನ ಲಿಯಾನ್ ವಸ್ತ್ರ ಸಂಗ್ರಹಾಲಯದಲ್ಲಿರುವ, ಶಾರ್ಲ್ ದ ಬ್ಲುವಾ ಎಂಬವನದೆನ್ನುವ 14ನೇ ಶತಮಾನದ ಅಂಗಿಯಲ್ಲಿ ಆರ್ಮ್‌ಹೋಲ್ ಎದೆ ಮತ್ತು ಬೆನ್ನಿನ ಮೇಲೂ ದೊಡ್ಡ ವೃತ್ತವಾಗಿ ಹರಡಿದೆ, ಕಂಕುಳಿನಲ್ಲಿ ಮಾತ್ರ ಬಿಗಿಯಾಗಿದೆ. ನಮ್ಮ ಜುಬ್ಬಾ–ಕುರ್ತಾಗಳಲ್ಲಿ ಕಂಕುಳಿನ ಕೆಳಗೆ ಚೌಕದ ಚಿಕ್ಕ ತುಂಡೊಂದನ್ನು ಕೂಡಿಸುತ್ತಾರೆ. ಕೈ ಎತ್ತಿದಾಗ ಆ ತುಂಡು ಬಿಚ್ಚಿಕೊಂಡು, ಬೇಕಾದ ಹೆಚ್ಚುವರಿ ಉದ್ದ ಕೊಡುತ್ತದೆ.

ಒಳಗೆ ಹತ್ತಿ ತುಂಬಿದರೆ?

1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕುದುರೆ ಸವಾರರ ರೇಷ್ಮೆ, ಮಖಮಲ್ಲಿನ ಹೊರಮೈಯ ದಪ್ಪ ಅಂಗಿಗಳನ್ನು ವರ್ಣಿಸಿದ್ದಾನೆ. ಅವುಗಳ ಒಳಗೆ ಗಟ್ಟಿ ತೊಗಲಿನ ಪದರಗಳೂ ಲೋಹದ ತಗಡುಗಳೂ ಇದ್ದವು. ಅನೇಕ ನಾಡುಗಳಲ್ಲಿ ಇದೇ ಕೆಲಸಕ್ಕೆ ಹತ್ತಿ ಬಳಸುತ್ತಿದ್ದರು. ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಇದರ ತತ್ವ ಹೊಸದಲ್ಲ: ಸಾಲು ಸಾಲು ಹೊಲಿಗೆ ಪದರಗಳನ್ನು ಜಾರದಂತೆ ಹಿಡಿದಿಡುತ್ತದೆ.

ಇಲ್ಲೊಂದು ಲೆಕ್ಕ ತಪ್ಪುವುದು ಸುಲಭ. ಒಳಗೆ 1 ಸೆಂ.ಮೀ. ದಪ್ಪದ ಪದರ ಹಾಕಿದರೆ ಹೊರಬಟ್ಟೆಯ ಸುತ್ತಳತೆ 1 ಸೆಂ.ಮೀ. ಅಲ್ಲ, ಸುಮಾರು 6.3 ಸೆಂ.ಮೀ. ಹೆಚ್ಚಬೇಕು. ಏಕೆಂದರೆ ಸುತ್ತಳತೆ ಎಂದರೆ ತ್ರಿಜ್ಯದ 2π ಪಟ್ಟು. 96 ಸೆಂ.ಮೀ. ಎದೆಗೆ ಇದು ಸಣ್ಣ ವ್ಯತ್ಯಾಸ. 30 ಸೆಂ.ಮೀ. ತೋಳಿಗೆ ಐದನೇ ಒಂದು ಭಾಗಕ್ಕಿಂತ ಹೆಚ್ಚು! ಮೈಯಳತೆಗೇ ಕತ್ತರಿಸಿ ಒಳಗೆ ಹತ್ತಿ ತುಂಬಿದರೆ ತೋಳು ಮೊದಲು ಬಿಗಿಯುವುದು ಇದಕ್ಕೇ. ಕಂಕುಳು ಮತ್ತು ಮೊಣಕೈಯ ಒಳಬದಿಯಲ್ಲಿ ಪದರ ತೆಳುವಾಗಿದ್ದರೆ ಮಾತ್ರ ಕೈ ಸರಾಗವಾಗಿ ಮಡಚುತ್ತದೆ.

ಹಾಗಾದರೆ ಏನು ಮಾಡಬೇಕು?

ಮಕ್ಕಳ ನಾಟಕಕ್ಕೆ ಉಡುಪು ಹೊಲಿಸುವವರು ಮೂರು ವಿಷಯ ನೆನಪಿಟ್ಟುಕೊಂಡರೆ ಸಾಕು. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿರಲಿ. ಒಳಪದರ ಹಾಕಿದ ಮೇಲಿನ ಅಳತೆಗೆ ಹೊರಬಟ್ಟೆ ಕತ್ತರಿಸಿ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲಿಸದೆ, ಕತ್ತಿ ಎತ್ತಿಸಿ ನೋಡಿ.

ನಮ್ಮ ದರ್ಜಿ ಶಾಲೆಯಲ್ಲಿ 2π ಓದಿದ್ದರೋ ಇಲ್ಲವೋ ನಾವು ಕೇಳಲಿಲ್ಲ. ತಮ್ಮ ನಂತರ ಈ ಅಂಗಡಿ ನಡೆಸುವವರಿಲ್ಲ ಎಂದಷ್ಟೇ ಹೇಳಿದರು. ಲೇಪಾಕ್ಷಿಯ ಬಣ್ಣ ಮಾಸದಂತೆ ಕಾಯುವವರಿದ್ದಾರೆ. ಆ ಅಂಗಿಯನ್ನು ಹೊಲಿಯಬಲ್ಲ ಕೈಯ ಲೆಕ್ಕವನ್ನೂ ಯಾರಾದರೂ ಬರೆದಿಟ್ಟುಕೊಳ್ಳಬೇಕಲ್ಲವೇ?